ನಾಯಿ, ಬೆಕ್ಕಿಗೆ ಔಷಧಿ ಕೊಡುವ ಮುನ್ನ ಲೆಕ್ಕ ಹಾಕಿ

ಕೋಲಾರ ಜಿಲ್ಲೆಯಲ್ಲಿ ಡೈರಿಗೆ ಹಾಲು ಹಾಕುವ ಮನೆ ಅಂದಮೇಲೆ ಬಾಗಿಲಲ್ಲಿ ಒಂದು ನಾಯಿಯೂ ಇರುತ್ತದೆ. ಹಸುವಿನ ಜಂತುಹುಳ, ಉಣ್ಣೆಗೆಂದು ತಂದ ಐವರ್‌ಮೆಕ್ಟಿನ್ ಇಂಜೆಕ್ಷನ್ ಬಾಟಲಿಯಲ್ಲಿ ಒಂದಿಷ್ಟು ಉಳಿದಿರುತ್ತದೆ. ನಾಯಿಗೆ ಉಣ್ಣೆ ಜಾಸ್ತಿಯಾಗಿದೆ, ಅದನ್ನೇ ಒಂದು ಎಂಎಲ್ ಹಾಕಿದರಾಯಿತು ಎಂದು ಯಾರೋ ಹೇಳುತ್ತಾರೆ.

ಅಪಾಯ ಶುರುವಾಗುವುದೇ ಇಲ್ಲಿ. ಬಾಟಲಿ ಮೇಲೆ 1% ಎಂದಿದ್ದರೆ ಒಂದು ಎಂಎಲ್‌ನಲ್ಲಿ 10 ಮಿ.ಗ್ರಾಂ ಔಷಧಿ ಇರುತ್ತದೆ. ದನಕ್ಕಾದರೆ ಅದು 50 ಕೆ.ಜಿ. ತೂಕಕ್ಕೆ ಆಗುವ ಡೋಸ್. 5 ಕೆ.ಜಿ. ನಾಯಿಗೆ ಅಷ್ಟನ್ನೇ ಕೊಟ್ಟರೆ ತೂಕಕ್ಕೆ ಹತ್ತು ಪಟ್ಟು ಜಾಸ್ತಿ ಹೋಯಿತು. ನಡುಕ, ತೂರಾಟ, ಕಣ್ಣು ಮಂಜಾಗುವುದು, ಕೊನೆಗೆ ಪ್ರಜ್ಞೆಯೇ ತಪ್ಪಬಹುದು. ಕೋಲಿಯಂಥ ತಳಿಗಳಿಗಂತೂ ಕಡಿಮೆ ಡೋಸ್‌ನಲ್ಲೇ ಹೀಗಾಗುತ್ತದೆ.

ಯಾವ ಔಷಧಿ, ಕೆ.ಜಿ.ಗೆ ಎಷ್ಟು ಅನ್ನುವುದನ್ನು ಪಶುವೈದ್ಯರೇ ಹೇಳಬೇಕು. ಅದನ್ನು ಮೊಬೈಲ್ ನೋಡಿ ನಾವು ತೀರ್ಮಾನ ಮಾಡುವುದು ಬೇಡ. ಆದರೆ ತೂಕ ನೋಡುವುದು, ಬಾಟಲಿ ಓದುವುದು, ಸರಿಯಾಗಿ ಅಳೆಯುವುದು ಮನೆಯವರ ಕೆಲಸ. ತಪ್ಪುಗಳು ಹೆಚ್ಚಾಗಿ ಆಗುವುದೂ ಇಲ್ಲೇ.

ಮೊದಲು ತೂಕ

ದೊಡ್ಡ ನಾಯಿಯಾದರೆ ಮೊದಲು ನೀವೊಬ್ಬರೇ ತೂಕದ ಮಿಷಿನ್ ಮೇಲೆ ನಿಲ್ಲಿ. ಆಮೇಲೆ ನಾಯಿಯನ್ನು ಎತ್ತಿಕೊಂಡು ನಿಲ್ಲಿ. ಮೊದಲು 62, ಆಮೇಲೆ 77 ಬಂದರೆ ನಾಯಿಯ ತೂಕ 15 ಕೆ.ಜಿ. ಟೊಮೆಟೊ ಬೆಳೆಯುವವರ ಮನೆಯಲ್ಲಿ ಕ್ರೇಟ್, ತಕ್ಕಡಿ ಎರಡೂ ಇರುತ್ತವಲ್ಲ. ಖಾಲಿ ಕ್ರೇಟ್ ಇಟ್ಟು ಸೊನ್ನೆಗೆ ತಂದು, ಅದರೊಳಗೆ ಮರಿಯನ್ನು ಕೂರಿಸಿದರೆ ತೂಕ ಗೊತ್ತಾಗುತ್ತದೆ. ಬೆಕ್ಕನ್ನು ಬಟ್ಟೆ ಚೀಲದಲ್ಲಿಟ್ಟು ತೂಗಬಹುದು, ಚೀಲದ ತೂಕ ಕಳೆಯಿರಿ. ತೀರಾ ಚಿಕ್ಕ ಮರಿಗೆ ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಯೇ ಬೇಕು.

ಒಂದು ಕೆ.ಜಿ. ಆಚೆ ಈಚೆ ಆದರೆ ಏನಂತೆ ಅನ್ನಬೇಡಿ. 30 ಕೆ.ಜಿ. ನಾಯಿಗೆ ಅದು ಸಣ್ಣ ವ್ಯತ್ಯಾಸ. 3 ಕೆ.ಜಿ. ಬೆಕ್ಕಿಗೆ ಮೂರನೇ ಒಂದು ಭಾಗದ ತಪ್ಪು. ಮರಿಗಳು ವಾರವಾರಕ್ಕೂ ಬೆಳೆಯುತ್ತವೆ, ಹಾಗಾಗಿ ಹಳೇ ಚೀಟಿಯ ತೂಕ ಲೆಕ್ಕಕ್ಕೆ ಬರುವುದಿಲ್ಲ.

ಚೀಟಿಯಲ್ಲಿ ಏನಿದೆ?

ಓ.ಡಿ. ಎಂದರೆ ದಿನಕ್ಕೆ ಒಂದು ಸಲ, ಬಿ.ಡಿ. ಎಂದರೆ ಎರಡು ಸಲ. ಬರೆದಿರುವ ಪ್ರಮಾಣ ಒಂದು ಹೊತ್ತಿನದೋ ಇಡೀ ದಿನದ್ದೋ ಕೇಳಿಕೊಳ್ಳಿ. ಮಿ.ಗ್ರಾಂ ಬೇರೆ, ಎಂಎಲ್ ಬೇರೆ. ಒಂದು ಔಷಧಿಯ ತೂಕ, ಇನ್ನೊಂದು ಅದು ಬೆರೆತಿರುವ ದ್ರವದ ಅಳತೆ. "ಡಾಕ್ಟ್ರೇ, ಒಂದು ಹೊತ್ತಿಗೆ ಎಷ್ಟು ಎಂಎಲ್ ಅಂತ ಬರೆದುಬಿಡಿ" ಎಂದು ಕೇಳಲು ಸಂಕೋಚ ಬೇಡ.

ಬಾಟಲಿ ಬದಲಾದರೆ ಲೆಕ್ಕವೂ ಬದಲು

ಒಂದು ಉದಾಹರಣೆ. 15 ಕೆ.ಜಿ. ನಾಯಿಯ ಚರ್ಮದ ಸೋಂಕಿಗೆ ಡಾಕ್ಟರ್ ಸೆಫಲೆಕ್ಸಿನ್ ಬರೆದಿದ್ದಾರೆ ಅಂದುಕೊಳ್ಳಿ. ಕೆ.ಜಿ.ಗೆ 20 ಮಿ.ಗ್ರಾಂ, ದಿನಕ್ಕೆ ಎರಡು ಸಲ. ಹದಿನೈದು ಇಪ್ಪತ್ತಲ 300. ಅಂದರೆ ಒಂದು ಹೊತ್ತಿಗೆ 300 ಮಿ.ಗ್ರಾಂ.

ಸಿರಪ್ ಬಾಟಲಿ ಮೇಲೆ "5 ಎಂಎಲ್‌ನಲ್ಲಿ 250 ಮಿ.ಗ್ರಾಂ" ಎಂದಿದೆ. 250ನ್ನು 5ರಿಂದ ಭಾಗಿಸಿ. ಒಂದು ಎಂಎಲ್‌ನಲ್ಲಿ 50 ಮಿ.ಗ್ರಾಂ. 300ನ್ನು 50ರಿಂದ ಭಾಗಿಸಿದರೆ 6 ಎಂಎಲ್.

ಔಷಧಿ ಮುಗಿದು ಮತ್ತೆ ಮೆಡಿಕಲ್ ಸ್ಟೋರ್‌ಗೆ ಹೋಗುತ್ತೀರಿ. "ಅಣ್ಣಾ, 250 ಇಲ್ಲ, 125 ಇದೆ, ಕೊಡ್ಲಾ?" ಅನ್ನುತ್ತಾರೆ. ಹೆಸರು ಅದೇ, ಡಬ್ಬಿಯೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆದರೆ ಇದರ ಒಂದು ಎಂಎಲ್‌ನಲ್ಲಿ 25 ಮಿ.ಗ್ರಾಂ ಮಾತ್ರ. ಈಗ 12 ಎಂಎಲ್ ಬೇಕು. ಹಳೇ ಅಳತೆಯಲ್ಲೇ 6 ಎಂಎಲ್ ಹಾಕಿದರೆ ಅರ್ಧ ಡೋಸ್ ಆಗಿ ಸೋಂಕು ವಾಸಿಯಾಗುವುದಿಲ್ಲ. ಹಸುಗೂಸುಗಳಿಗೆ ಕೊಡುವ ಡ್ರಾಪ್ಸ್ ಇನ್ನೂ ಗಟ್ಟಿ. ಒಂದು ಎಂಎಲ್‌ನಲ್ಲೇ 100 ಮಿ.ಗ್ರಾಂ ಇದ್ದರೆ 3 ಎಂಎಲ್‌ಗೇ ಡೋಸ್ ಮುಗಿಯಿತು. ಹಾಗಾಗಿ ಹೊಸ ಬಾಟಲಿ ಬಂದಾಗಲೆಲ್ಲ ಲೇಬಲ್ ಓದಿ, ಮತ್ತೆ ಭಾಗಿಸಿ.

ಲೇಬಲ್ ಮೇಲೆ ಶೇಕಡಾ ಲೆಕ್ಕ ಇದ್ದರೆ ಹತ್ತರಿಂದ ಗುಣಿಸಿ. 2.5% ಅಂದರೆ ಎಂಎಲ್‌ಗೆ 25 ಮಿ.ಗ್ರಾಂ, 10% ಅಂದರೆ 100.

ಮಾತ್ರೆಯ ಲೆಕ್ಕ ಸುಲಭ. ಜಂತುಹುಳದ ಕೆಲವು ಮಾತ್ರೆಗಳು 10 ಕೆ.ಜಿ.ಗೆ ಒಂದು. 15 ಕೆ.ಜಿ. ನಾಯಿಗೆ ಒಂದೂವರೆ. ಮಧ್ಯದಲ್ಲಿ ಗೆರೆ ಇದ್ದರೆ ಮಾತ್ರ ಮುರಿಯಿರಿ.

ಅಳೆಯಲು ಚಮಚ ಬೇಡ

ಮನೆಯ ಚಮಚಗಳು ಒಂದರಂತೆ ಒಂದಿರುವುದಿಲ್ಲ. ಸೂಜಿ ತೆಗೆದ ಸಿರಿಂಜ್ ತಗೊಳ್ಳಿ. ಬಾಟಲಿ ಚೆನ್ನಾಗಿ ಕುಲುಕಿ, ಗಾಳಿಗುಳ್ಳೆ ಹೋಗಲಾಡಿಸಿ, ಗೆರೆಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿ. ಇನ್ಸುಲಿನ್ ಸಿರಿಂಜ್ ಮಾತ್ರ ಬೇಡ. ಅದರಲ್ಲಿರುವುದು ಯೂನಿಟ್ ಗೆರೆ. ಒಂದು ಬಗೆಯದರಲ್ಲಿ 40 ಗೆರೆಗೆ ಒಂದು ಎಂಎಲ್, ಇನ್ನೊಂದರಲ್ಲಿ 100ಕ್ಕೆ. ಔಷಧಿಯನ್ನು ಕೆನ್ನೆಯ ಪಕ್ಕದಿಂದ ನಿಧಾನಕ್ಕೆ ಬಿಡಿ. ತಲೆ ಮೇಲೆತ್ತಿ ಸುರಿದರೆ ಶ್ವಾಸಕೋಶಕ್ಕೆ ಹೋಗಬಹುದು. ಒಂದು ಹೊತ್ತು ಮರೆತರೆ ಮುಂದಿನ ಸಲ ಎರಡು ಪಟ್ಟು ಕೊಡಬೇಡಿ.

ಲೆಕ್ಕಕ್ಕೇ ಸಿಗದ ಔಷಧಿಗಳು

ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಲೇಬಾರದು. ಜ್ವರ ಬಂದ ಮಗುವಿಗೆ ಕೊಡುತ್ತೇವಲ್ಲ, ಬೆಕ್ಕಿಗೆ ಚೂರು ಕೊಟ್ಟರೇನು ಅನ್ನಿಸುತ್ತದೆ. ಆದರೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ. ಕೆಂಪು ರಕ್ತಕಣಗಳು ಹಾಳಾಗಿ ಆಮ್ಲಜನಕ ಸಾಗಿಸಲು ಆಗುವುದಿಲ್ಲ. ಒಸಡು ಕಂದು ಇಲ್ಲವೇ ನೀಲಿಗೆ ತಿರುಗುತ್ತದೆ, ಮುಖ, ಪಾದ ಊದುತ್ತವೆ, ಉಸಿರು ಕಟ್ಟುತ್ತದೆ. 500 ಮಿ.ಗ್ರಾಂನ ಒಂದೇ ಮಾತ್ರೆ ಸಾಕು, ಬೆಕ್ಕು ಸಾಯಬಹುದು.

ನಮ್ಮ ನೋವಿನ ಮಾತ್ರೆಗಳಾದ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿ, ಬೆಕ್ಕು ಎರಡಕ್ಕೂ ಹೊಟ್ಟೆ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತವೆ. ನಾಯಿಯ ಉಣ್ಣೆಗೆಂದು ಬೆನ್ನಿಗೆ ಹಚ್ಚುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಸಕ್ಕರೆ ಇಲ್ಲದ ಸಿರಪ್‌ನಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ಇದ್ದರೆ ನಾಯಿಗೆ ಕೊಡಬೇಡಿ, ಅದು ನಾಯಿಗೆ ವಿಷ.

ಹೆಚ್ಚು ಹೋಗಿಬಿಟ್ಟರೆ

ಲಕ್ಷಣ ಕಾಣಲಿ ಎಂದು ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದರಿಂದಲೇ ಜೀವಕ್ಕೆ ಅಪಾಯ. ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ, ಇಲ್ಲವೇ ತಾಲ್ಲೂಕಿನ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾರೂ ಸಿಗದಿದ್ದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕೇಳಿ ನೋಡಿ. ಹೋಗುವಾಗ ಔಷಧಿಯ ಬಾಟಲಿ ಅಥವಾ ಸ್ಟ್ರಿಪ್ ಜೊತೆಗಿರಲಿ. ಪ್ರಾಣಿಯ ತೂಕ, ಕೊಟ್ಟ ಎಂಎಲ್ ಅಥವಾ ಮಾತ್ರೆ ಎಷ್ಟು, ಕೊಟ್ಟ ಹೊತ್ತು, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಡಾಕ್ಟರ್ ತಡಮಾಡದೆ ಚಿಕಿತ್ಸೆ ಶುರು ಮಾಡಬಹುದು.