ತಮ್ಮನ ಮಾತ್ರೆ, ಹಿತ್ತಿಲ ಚಕ್ಕೋತ

ತಮ್ಮನಿಗೆ ರಕ್ತದ ಕ್ಯಾನ್ಸರ್. ಸ್ಟೆಮ್ ಸೆಲ್, ಅಂದರೆ ಹೊಸ ರಕ್ತ ಹುಟ್ಟಿಸುವ ಮೂಲ ಕೋಶ, ಕಸಿ ಮಾಡಬೇಕಿತ್ತು. ಪೂರ್ತಿ ಹೊಂದುವ ದಾನಿ ಸಿಗಲಿಲ್ಲ, ನನ್ನದು ಅರ್ಧ ಹೊಂದಿತು. ಸ್ಟೆಮ್ ಸೆಲ್ ಕೊಡೋದು ಅಂಥ ಕಷ್ಟವೇನಲ್ಲ. ನಾಲ್ಕೈದು ದಿನ ಸೂಜಿ, ಒಂದಿಷ್ಟು ಮೈಕೈ ನೋವು, ಅಷ್ಟೇ. ಹೆದರಿಕೆ ಇದ್ದದ್ದು ಆಮೇಲಿನದಕ್ಕೆ. ನನ್ನ ಸೆಲ್‌ಗಳು ಅವನ ಮೈಯನ್ನೇ ಪರಕೀಯ ಅಂದುಕೊಂಡು ಚರ್ಮ, ಕರುಳು, ಲಿವರ್ ಮೇಲೆ ಬೀಳಬಹುದು. ಡಾಕ್ಟರು ಜಿವಿಎಚ್‌ಡಿ ಅನ್ನುವುದು ಇದಕ್ಕೇ.

ಕಸಿಯಾದ ಎರಡನೇ ರಾತ್ರಿ ಅವನಿಗೆ ಜೋರು ಜ್ವರ. "ಏನಾದ್ರೂ ಇಂಜೆಕ್ಷನ್ ಕೊಡಿ ಸಿಸ್ಟರ್" ಅಂತ ಅಂಗಲಾಚಿದೆ. ಅವರು ಪ್ಯಾರಾಸಿಟಮಾಲ್ ಕೊಟ್ಟು, ನನ್ನ ಕೈಗೆ ಒದ್ದೆ ಬಟ್ಟೆ ಇಟ್ಟರು. ಸ್ಟೀರಾಯ್ಡ್ ಕೊಟ್ಟರೆ ಕೆಲಸವೇ ಕೆಡುತ್ತದಂತೆ. ನನ್ನಿಂದ ಹೋಗಿ ಜಗಳಕ್ಕೆ ನಿಂತ ಟಿ ಸೆಲ್‌ಗಳು (ರಕ್ಷಣೆಯ ಬಿಳಿ ರಕ್ತಕಣಗಳು) ಆಗ ಬೇಗ ಬೇಗ ಒಡೆದು ಹೆಚ್ಚುತ್ತಿರುತ್ತವೆ. ಮೂರನೇ, ನಾಲ್ಕನೇ ದಿನ ಕೊಡುವ ಸೈಕ್ಲೋಫಾಸ್ಫಮೈಡ್ ಅನ್ನುವ ಕೀಮೋ ಔಷಧಿ ಹೊಡೆಯುವುದು ಹಾಗೆ ಒಡೆಯುತ್ತಿರುವವನ್ನೇ. ಸ್ಟೀರಾಯ್ಡಿನಿಂದ ಅವು ಸುಮ್ಮನಾದರೆ ಈ ಔಷಧಿಯಿಂದ ತಪ್ಪಿಸಿಕೊಳ್ಳುತ್ತವೆ. ಸ್ಟೆಮ್ ಸೆಲ್‌ಗಳಲ್ಲಾದರೋ ಆ ಔಷಧಿಯನ್ನು ಮುರಿಯುವ ಕಿಣ್ವ ಹೆಚ್ಚಿದೆ, ಹಾಗಾಗಿ ಉಳಿಯುತ್ತವೆ. ಡೋಸ್ ಕಿಲೋ ತೂಕಕ್ಕೆ 50 ಮಿಲಿಗ್ರಾಂ. ಅದರಿಂದ ಮೂತ್ರಕೋಶ ಸುಡದಂತೆ ಮೆಸ್ನಾ ಅನ್ನುವ ಔಷಧಿ, ಬಾಟಲಿಗಟ್ಟಲೆ ಡ್ರಿಪ್. ಐದನೇ ದಿನದಿಂದ ಟಿ ಸೆಲ್‌ಗಳನ್ನು ಹದ್ದುಬಸ್ತಿನಲ್ಲಿಡುವ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್.

ನೂರು ದಿನ ಕಳೆದ ಮೇಲೆ ಸೋಮವಾರಪೇಟೆ ಹತ್ತಿರದ ನಮ್ಮ ತೋಟಕ್ಕೆ ಬಂದೆವು. ಆಗ ಕೊಯ್ಲು. ಕಣದಲ್ಲಿ ಒಣಗುವ ಕಾಫಿಯ ಬೂಷ್ಟು ಅವನ ಶ್ವಾಸಕೋಶಕ್ಕೆ ಆಗಿಬರದು, ಬಿಸಿಲು ಚರ್ಮಕ್ಕೆ ಆಗದು. ಒಳಗೇ ಕೂರಿಸಿದೆ. ಬೈಸಿಕೊಂಡೆ ಕೂಡ.

ದೊಡ್ಡ ತಲೆನೋವು ಟ್ಯಾಕ್ರೋಲಿಮಸ್‌ದು. ಕಡಿಮೆಯಾದರೆ ಜಿವಿಎಚ್‌ಡಿ, ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು, ಕೈ ನಡುಕ. ರಕ್ತದಲ್ಲಿ ಅದರ ಮಟ್ಟ ನೋಡಲು ಬೆಳಗಿನ ಮಾತ್ರೆಗೆ ಮುಂಚೆಯೇ ರಕ್ತ ತೆಗೆಸಬೇಕು. ಒಮ್ಮೆ ಅವನು ಬಸ್ಸಲ್ಲೇ ಮಾತ್ರೆ ನುಂಗಿಬಿಟ್ಟ. ರಿಪೋರ್ಟ್ ಏರಿ ಬಂತು, ನನ್ನ ಎದೆ ಧಸಕ್ಕೆಂದಿತು. ಮರುದಿನ ಸರಿಯಾಗಿ ತೆಗೆಸಿದರೆ ಏನೂ ಇರಲಿಲ್ಲ. ಅಲ್ಲಿಂದೀಚೆ ಆ ಮಾತ್ರೆ ನನ್ನ ಜೇಬಲ್ಲೇ ಇರುತ್ತದೆ. ರಕ್ತ ಕೊಟ್ಟಮೇಲೇ ಅವನ ಕೈಗೆ.

ಚಕ್ಕೋತದ್ದು ಇನ್ನೊಂದು ಕಥೆ. ಹಿತ್ತಿಲ ಮರದ್ದೇ. ಅವ್ವ ಸುಲಿದು, ಉಪ್ಪು ಖಾರ ಸವರಿ ತಟ್ಟೇಲಿ ತಂದಿಟ್ಟರು. "ಹಣ್ಣು ತಾನೇ, ತಿನ್ನಲಿ ಬಿಡೋ!" ಆದರೆ ಚಕ್ಕೋತ ಈ ಔಷಧಿಯ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ತಟ್ಟೆ ಎತ್ತಿಕೊಂಡು ಹೋಗಿ ನಾನೇ ತಿಂದೆ. ಅವ್ವ ಎರಡು ದಿನ ಮಾತಾಡಲಿಲ್ಲ. ಕಿತ್ತಳೆಗೆ ಅಂಥ ತೊಂದರೆ ಇಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಸಮಾಧಾನವಾಯಿತು.

ಈಗಲೂ ದಿನಾ ಬೆಳಗ್ಗೆ ಕಿಟಕಿ ಹತ್ತಿರ ಅವನ ಅಂಗೈ, ಅಂಗಾಲು ನೋಡುತ್ತೇನೆ, ಕೆಂಪು ಗುಳ್ಳೆ ಎದ್ದಿದೆಯಾ ಅಂತ. ಭೇದಿಯಾಯ್ತಾ ಅಂತಲೂ ಕೇಳುತ್ತೇನೆ. "ಅಣ್ಣಾ, ಕಾಫಿನಾದ್ರೂ ಕುಡಿಯೋಕೆ ಬಿಡು" ಅಂತಾನೆ.