ಅಪ್ಪನ ಜೊತೆ ಕುಳಿತು ಕಣ್ಣು ತುಂಬಿಸುವ ಚಿತ್ರ ನೋಡುವ ಬಗೆ

‘ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು’ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದ ಗಂಡಸರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಹೆತ್ತವರು ತೀರಿಕೊಂಡ ದಿನ ಚಟ್ಟ ಕಟ್ಟಿಸುವುದರಿಂದ ಹಿಡಿದು ಬಂದವರ ಊಟದ ಏರ್ಪಾಡಿನವರೆಗೆ ಎಲ್ಲವನ್ನೂ ಒಣಗಣ್ಣಿನಲ್ಲೇ ನಿಭಾಯಿಸಿದವರು, ಎಷ್ಟೋ ವರ್ಷಗಳ ಮೇಲೆ ಯಾವುದೋ ಚಿತ್ರದಲ್ಲಿ ಯಾರೋ ಯಾರಿಗೋ ತೋರಿಸುವ ಸಣ್ಣ ಅಕ್ಕರೆಗೆ ಇದ್ದಕ್ಕಿದ್ದಂತೆ ಕಣ್ಣೀರಾಗುತ್ತಾರೆ. ಆ ಗಳಿಗೆ ಅವರ ಪಾಲಿಗೆ ಹಗುರವಾಗಿ ಕಳೆಯುವುದೋ ಅವಮಾನವಾಗಿ ಉಳಿಯುವುದೋ ಎಂಬುದು ಬಹುಮಟ್ಟಿಗೆ ಪಕ್ಕದಲ್ಲಿ ಕುಳಿತವರ ನಡವಳಿಕೆಯನ್ನು ಅವಲಂಬಿಸಿದೆ. ಅಪ್ಪ, ಅಣ್ಣ, ಗಂಡ ಅಥವಾ ಮಾವನ ಜೊತೆ ಚಿತ್ರ ನೋಡಲು ಕೂರುವವರಿಗಾಗಿ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಚಿತ್ರದ ಆಯ್ಕೆ. ಅಳಿಸಲೆಂದೇ ಹಟ ತೊಟ್ಟ ಚಿತ್ರಗಳನ್ನು ಬದಿಗಿಡಿ. ಸಾವಿನ ದೃಶ್ಯ ಬರುವ ಮೊದಲೇ ವಾದ್ಯಗಳೆಲ್ಲ ಗೋಳಾಡತೊಡಗಿದರೆ ಗಂಡಸರು ಎಚ್ಚೆತ್ತುಕೊಂಡು ಮನಸ್ಸನ್ನು ಬಿಗಿಹಿಡಿಯುತ್ತಾರೆ. ನಿಧಾನವಾಗಿ ಹೊರಡುವ, ನಗಿಸುತ್ತಾ ಪರಿಚಯ ಬೆಳೆಸುವ, ಪಾತ್ರಗಳ ದಿನನಿತ್ಯದ ಕೆಲಸಗಳನ್ನು ತಾಳ್ಮೆಯಿಂದ ತೋರಿಸುವ ಚಿತ್ರದ ಎದುರು ಅಂಥ ಬಿಗಿ ಇರುವುದಿಲ್ಲ. 2022ರ ಜೂನ್ 10ರಂದು ತೆರೆಗೆ ಬಂದ ಕಿರಣ್‌ರಾಜ್ ನಿರ್ದೇಶನದ ‘777 ಚಾರ್ಲಿ’ ಇದಕ್ಕೆ ನಮ್ಮಲ್ಲಿರುವ ಒಳ್ಳೆಯ ಉದಾಹರಣೆ. ರಕ್ಷಿತ್ ಶೆಟ್ಟಿ ನಟಿಸಿರುವ ಧರ್ಮ ಕಾರ್ಖಾನೆಯಲ್ಲಿ ದುಡಿಯುವ ಒಂಟಿ ಮನುಷ್ಯ. ಬಾಲ್ಯದಲ್ಲೇ ಮನೆಯವರನ್ನೆಲ್ಲ ಅಪಘಾತವೊಂದರಲ್ಲಿ ಕಳೆದುಕೊಂಡು, ಯಾರನ್ನೂ ಹತ್ತಿರ ಸೇರಿಸದೆ ಬದುಕುತ್ತಿರುವವನು. ಅವನ ಬಾಗಿಲಿಗೆ ಬಂದು ಸೇರುವ ಲ್ಯಾಬ್ರಡಾರ್ ನಾಯಿಗೆ ಕ್ಯಾನ್ಸರ್ ಇದೆಯೆಂದು ತಿಳಿಯುವ ಹೊತ್ತಿಗೆ ನೋಡುಗನೂ ಅದನ್ನು ಸಾಕಿ ಆಗಿರುತ್ತದೆ. ನಂತರ ಅದಕ್ಕೆ ಹಿಮ ತೋರಿಸಲು ಅವನು ಹೊರಡುವ ದೂರದ ಪಯಣದಲ್ಲಿ ಜನರ ಕಣ್ಣು ಒದ್ದೆಯಾಗುವುದು ರೋಗದ ಮಾತಿಗಿಂತ ಹೆಚ್ಚಾಗಿ, ಯಾರೂ ಬೇಡವೆಂದಿದ್ದ ಒಬ್ಬ ಮನುಷ್ಯ ಇನ್ನೊಂದು ಜೀವಕ್ಕಾಗಿ ಇಷ್ಟೆಲ್ಲ ಮಾಡುತ್ತಿದ್ದಾನಲ್ಲ ಎಂಬುದಕ್ಕೆ. ಶೋಕಕ್ಕೆ ಎದೆಯೊಡ್ಡಿ ನಿಲ್ಲಲು ಗಂಡಸರಿಗೆ ಚಿಕ್ಕಂದಿನಿಂದ ಕಲಿಸಿರುತ್ತೇವೆ. ಒಳ್ಳೆಯತನ ಎದುರಾದಾಗ ಏನು ಮಾಡಬೇಕೆಂದು ಯಾರೂ ಕಲಿಸಿರುವುದಿಲ್ಲ. ಗೋವಿನ ಹಾಡನ್ನು ಕೇಳುವ ಮಗು ಕೂಡ ಹಸು ಕರುವಿಗೆ ವಿದಾಯ ಹೇಳುವಾಗ ಅಳುವಷ್ಟೇ, ಅದು ಕೊಟ್ಟ ಮಾತಿಗೆ ತಪ್ಪದೆ ಹಿಂದಿರುಗಿ ಹುಲಿಯ ಮುಂದೆ ನಿಂತಾಗಲೂ ಅಳುತ್ತದೆ.

ಆಯ್ಕೆಯಲ್ಲಿ ಇನ್ನೊಂದು ಎಚ್ಚರ ಬೇಕು. ಚಿತ್ರದ ಕಥೆ ನೋಡುವವರ ಬದುಕಿಗೆ ಹತ್ತಿರವಿರಲಿ, ಆದರೆ ಹಸಿ ಗಾಯದ ಮೇಲೆ ಕೈಯಿಡುವಂತಿರಬಾರದು. ಮರೆವಿನ ಕಾಯಿಲೆಯ ತಂದೆಯೊಬ್ಬ ಕಳೆದುಹೋಗುವ, ಮಗ ಅವನನ್ನು ಹುಡುಕುತ್ತಾ ಅವನನ್ನು ಮೊದಲ ಬಾರಿಗೆ ಅರಿಯುವ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ 2016ರಲ್ಲಿ ಬಂದ ಅಪರೂಪದ ಚಿತ್ರ. ಅನಂತ್ ನಾಗ್ ಅವರ ವೆಂಕೋಬ ರಾವ್‌ನನ್ನು ಒಮ್ಮೆ ನೋಡಿದವರು ಮರೆಯುವುದು ಕಷ್ಟ. ಆದರೂ ಮನೆಯ ಹಿರಿಯರೊಬ್ಬರು ಅದೇ ಕಾಯಿಲೆಯಲ್ಲಿ ತೀರಿಕೊಂಡು ಇನ್ನೂ ವರ್ಷ ತುಂಬಿರದಿದ್ದರೆ ಅದನ್ನು ಮುಂದಕ್ಕೆ ಹಾಕುವುದೇ ಮೇಲು. ರಸಾನುಭವಕ್ಕೆ, ಅಂದರೆ ಕಲೆಯಲ್ಲಿ ಕಾಣುವ ಭಾವವನ್ನು ಸವಿಯುವುದಕ್ಕೆ, ‘ಇದು ನನ್ನದೇ’ ಎಂಬ ಭಾವವೂ ‘ಇದು ಪರರದ್ದು’ ಎಂಬ ಭಾವವೂ ಸಡಿಲವಾಗಬೇಕು ಎಂದು ಸಂಸ್ಕೃತ ಕಾವ್ಯಮೀಮಾಂಸಕ ಅಭಿನವಗುಪ್ತನ ಪರಂಪರೆ ಹೇಳುವುದು ಇದನ್ನೇ. ತೀರ ತನ್ನದೇ ಆದ ದುಃಖ ಪರದೆಯ ಮೇಲೆ ಬಂದರೆ ಅಲ್ಲಿ ಕರುಣರಸ ಉಳಿಯುವುದಿಲ್ಲ, ಬರೀ ನೋವು ಉಳಿಯುತ್ತದೆ.

ಮನೆಯಲ್ಲಿ ನೋಡುವುದಾದರೆ ರಾತ್ರಿಯ ಊಟ, ಪಾತ್ರೆ, ಮಾರನೆಯ ದಿನದ ಸಿದ್ಧತೆ ಎಲ್ಲ ಮುಗಿದ ಮೇಲೆ ಕುಳಿತುಕೊಳ್ಳಿ. ಚಾರ್ಲಿಯಂಥ ಚಿತ್ರ ಎರಡೂವರೆ ಗಂಟೆಗೂ ಹೆಚ್ಚು ಓಡುತ್ತದೆಯಾದ್ದರಿಂದ ಮರುದಿನ ರಜೆಯಿದ್ದರೆ ಒಳ್ಳೆಯದು. ದೀಪ ಮಂದವಾಗಿರಲಿ. ಎಲ್ಲರೂ ಒಂದೇ ಸಾಲಿನಲ್ಲಿ ಪರದೆಯ ಕಡೆಗೆ ಮುಖ ಮಾಡಿ ಕೂರುವುದು ಮುಖ್ಯ, ಏಕೆಂದರೆ ಎದುರುಬದುರಾದ ಕುರ್ಚಿಗಳಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತಲೇ ಇರುತ್ತದೆ. ಅಪ್ಪ ಸದಾ ಕೂರುವ ಜಾಗವನ್ನು ಅವರಿಗೇ ಬಿಡಿ, ಕೈಗೆಟಕುವಂತೆ ನೀರಿನ ಚೊಂಬನ್ನೂ ಒಂದು ಟವೆಲನ್ನೂ ಇಡಿ. ಎರಡೂ ಯಾವಾಗಲೂ ಅಲ್ಲೇ ಇರುತ್ತಿದ್ದವು ಎಂಬಂತೆ ಇರಲಿ. ಕೊನೆಯ ಮುಕ್ಕಾಲು ಗಂಟೆಯಲ್ಲಿ ಯಾರೂ ಏಳದಂತೆ, ಫೋನು ಮೊಳಗದಂತೆ ನೋಡಿಕೊಳ್ಳಿ. ಚಿತ್ರಮಂದಿರಕ್ಕೆ ಹೋಗುವುದಾದರೆ ಬಾಗಿಲಿನಿಂದ ದೂರದ ಆಸನ ಹಿಡಿಯಿರಿ. ನಮ್ಮ ಎಷ್ಟೋ ಚಿತ್ರಮಂದಿರಗಳಲ್ಲಿ ಚಿತ್ರ ಪೂರ್ತಿ ಮುಗಿಯುವ ಮೊದಲೇ ಬಾಗಿಲು ತೆರೆದು, ಬೆಳಕು ನೇರವಾಗಿ ಪಕ್ಕದ ಸಾಲುಗಳ ಮೇಲೆ ಬೀಳುತ್ತದೆ. ಕೊನೆಯ ಹೆಸರುಗಳು ಓಡಿ ಮುಗಿಯುವವರೆಗೂ ನೀವೇ ಕದಲದೆ ಕುಳಿತಿದ್ದರೆ ಅವರಿಗೂ ಕುಳಿತಿರಲು ನೆಪ ಸಿಗುತ್ತದೆ.

ಕಣ್ಣೀರಿಗೂ ಮೊದಲು ಗಂಟಲು ಕಟ್ಟುತ್ತದೆ. ಭಾವ ಉಕ್ಕಿದಾಗ ಹೆಚ್ಚು ಗಾಳಿ ಒಳಗೆ ಬರಲೆಂದು ಧ್ವನಿಪೆಟ್ಟಿಗೆಯ ದ್ವಾರ ತೆರೆದುಕೊಂಡಿರಲು ಯತ್ನಿಸುತ್ತದೆ, ಉಗುಳು ನುಂಗಬೇಕಾದರೆ ಅದೇ ದ್ವಾರ ಮುಚ್ಚಬೇಕಾಗುತ್ತದೆ. ಈ ಎಳೆದಾಟವೇ ಗಂಟಲಲ್ಲಿ ಗಂಟು ಸಿಕ್ಕಿಕೊಂಡಂತೆ ಅನ್ನಿಸುವುದಕ್ಕೆ ಕಾರಣ. ಕಣ್ಣಿನ ಒಳಮೂಲೆಯಿಂದ ಮೂಗಿಗೆ ಇಳಿಯುವ ನಾಳವೊಂದಿರುವುದರಿಂದ ಕಣ್ಣೀರು ಕೆನ್ನೆಗೆ ಬರುವ ಮುನ್ನವೇ ಮೂಗು ಸೋರುತ್ತದೆ. ಕನ್ನಡಕ ಸರಿಪಡಿಸಿಕೊಳ್ಳುವುದು, ಕೆಮ್ಮುವುದು, ‘ಯಾಕೋ ನೆಗಡಿ’ ಎನ್ನುವುದು ಎಲ್ಲ ಈ ಹಂತದಲ್ಲೇ. ಅಳು ಬಂದವರಿಗೆ ಹೇಳುವುದಿಷ್ಟೇ. ಉಸಿರು ಹಿಡಿಯಬೇಡಿ, ಬಾಯಿ ಸ್ವಲ್ಪ ತೆರೆದು ನಿಧಾನವಾಗಿ ಉಸಿರು ಹೊರಬಿಡಿ, ನೀರು ಬೇಕೆನಿಸಿದರೆ ಕುಡಿಯಿರಿ, ಪರದೆಯಿಂದ ಕಣ್ಣು ಕೀಳಬೇಡಿ.

ಪಕ್ಕದಲ್ಲಿರುವವರು ಆಗ ತಿರುಗಿ ನೋಡಬಾರದು. ‘ಅಯ್ಯೋ, ಅಪ್ಪ ಅಳ್ತಿದಾರೆ!’ ಎಂಬ ಒಂದು ಮಾತು ಸಾಕು, ಮುಂದಿನ ಸಲ ಅವರು ಚಿತ್ರದ ಅರ್ಧಕ್ಕೆ ಎದ್ದು ಮಲಗಲು ಹೋಗುತ್ತಾರೆ. ಪ್ರೀತಿಯಿಂದಲೇ ಆದರೂ ಫೋನಿನಲ್ಲಿ ಚಿತ್ರೀಕರಿಸುವುದು ಅದಕ್ಕಿಂತ ಕೆಟ್ಟದ್ದು. ಅಂದು ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಅವರು 2022ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ‘777 ಚಾರ್ಲಿ’ ನೋಡಿ ಹೊರಬಂದಾಗ ಕ್ಯಾಮೆರಾಗಳ ಎದುರೇ ಬಿಕ್ಕಿದ್ದರು. ಹಿಂದಿನ ವರ್ಷವಷ್ಟೇ ಅವರ ಮನೆಯ ಸಾಕುನಾಯಿ ಸನ್ನಿ ತೀರಿಕೊಂಡಿತ್ತು. ಒರೆಸಿದಷ್ಟೂ ಉಕ್ಕುತ್ತಿದ್ದ ಕಣ್ಣೀರನ್ನು ಮರೆಮಾಡದೆ ಅವರು ನಾಯಿಯ ನಿಷ್ಕಾರಣ ಪ್ರೀತಿಯ ಬಗ್ಗೆ ಮಾತಾಡಿದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದನ್ನು ಕಂಡು ಎಷ್ಟೋ ಗಂಡಸರಿಗೆ ಧೈರ್ಯ ಬಂದಿರಲೂ ಸಾಕು. ಆದರೆ ಆ ಸ್ಥೈರ್ಯವನ್ನು ಎಲ್ಲರಿಂದಲೂ ನಿರೀಕ್ಷಿಸಬಾರದು.

ನಾಚಿಕೆಪಡುವವರಿಗೆ ಹಳೆಯ ಕಾವ್ಯಗಳ ಆಸರೆಯೂ ಇದೆ. ಉತ್ತಮರು ಶೋಕವನ್ನು ಧೈರ್ಯದಿಂದ ತಡೆದುಕೊಳ್ಳುತ್ತಾರೆ ಎನ್ನುವ ಭರತನ ನಾಟ್ಯಶಾಸ್ತ್ರವೇ ಕಣ್ಣೀರನ್ನು ಎಂಟು ಸಾತ್ತ್ವಿಕ ಭಾವಗಳಲ್ಲಿ, ಅಂದರೆ ಒಳಗಿನ ಭಾವ ಮೈಮೇಲೆ ತೋರುವ ಚಿಹ್ನೆಗಳಲ್ಲಿ, ಒಂದಾಗಿ ಎಣಿಸಿ, ಅದು ಶೋಕದಂತೆ ಆನಂದದಿಂದಲೂ ಹುಟ್ಟುತ್ತದೆ ಎನ್ನುತ್ತದೆ. ರನ್ನನ ದುರ್ಯೋಧನನಾದರೋ ರಣರಂಗದಲ್ಲಿ ಕರ್ಣನ ಹೆಣದ ಮುಂದೆ ನಿಂತು ಬಾಯಿಬಿಟ್ಟು ಪ್ರಲಾಪಿಸುತ್ತಾನೆ, ಅದರಿಂದ ಅವನ ಛಲ ಎಳ್ಳಷ್ಟೂ ಕುಂದುವುದಿಲ್ಲ.

ಚಿತ್ರ ಮುಗಿದ ಕೂಡಲೇ ದೀಪ ಹಾಕಬೇಡಿ, ‘ಹೇಗಿತ್ತು?’ ಎಂದೂ ಕೇಳಬೇಡಿ. ಮಾತು ಆ ರಾತ್ರಿಯೇ ಬರಬೇಕೆಂದಿಲ್ಲ. ಮರುದಿನ ಕಾಫಿಯ ಹೊತ್ತಿನಲ್ಲಿ ಭಾವನೆಯ ಬಗ್ಗೆ ಕೇಳುವ ಬದಲು ಸಂಗತಿಯ ಬಗ್ಗೆ ಕೇಳಿ: ‘ಅಪ್ಪಾ, ಊರಲ್ಲಿ ನಿಮ್ಮ ಹಿಂದೆ ಗದ್ದೆತನಕ ಬರ್ತಿದ್ದ ನಾಯಿ ಇತ್ತಲ್ಲ, ಅದಕ್ಕೆ ಏನಂತ ಹೆಸರಿಟ್ಟಿದ್ರಿ?’ ಹೆಸರಿನಿಂದ ಶುರುವಾದ ಮಾತು ಎಲ್ಲಿಗೆ ಹೋದರೂ ಅದರ ಹಿಂದೆಯೇ ಹೋಗಿ, ನಡುವೆ ನಿಮ್ಮ ವ್ಯಾಖ್ಯಾನ ಸೇರಿಸಬೇಡಿ.

ಕಣ್ಣೀರೇ ಬರದ ಗಂಡಸರೂ ಇದ್ದಾರೆ. ಅವರಿಗೆ ಮನಸ್ಸಿಲ್ಲವೆಂದು ಯಾರೂ ತಿಳಿಯಬೇಕಿಲ್ಲ. ಚಿತ್ರ ನೋಡಿ ವಾರಗಳು ಕಳೆದ ಮೇಲೂ ಅಳು ನಿಲ್ಲದೆ, ನಿದ್ದೆ ಊಟಗಳು ತಪ್ಪುತ್ತಿದ್ದರೆ ಮಾತ್ರ ಅದು ಚಿತ್ರಕ್ಕೆ ಸಂಬಂಧಿಸಿದ್ದಲ್ಲ. ಅಂಥವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಚಿಕ್ಕ ಹುಡುಗರಿದ್ದರೆ ‘ತಾತ ಯಾಕೆ ಅಳ್ತಿದಾರೆ?’ ಎಂದು ಕೇಳಿಯೇ ಕೇಳುತ್ತಾರೆ. ಕಣ್ಣಿಗೆ ಧೂಳು ಬಿದ್ದಿದೆ ಎಂದು ಸುಳ್ಳು ಹೇಳಬೇಡಿ. ‘ಆ ನಾಯಿ ಅಂದ್ರೆ ತಾತಂಗೆ ಇಷ್ಟ ಆಗಿದೆ, ಅದಕ್ಕೇ’ ಎಂದು ಮೆಲ್ಲಗೆ ಹೇಳಿ, ಮತ್ತೆ ಪರದೆಯ ಕಡೆ ತಿರುಗಿ.