ತವರಿನ ಕಾಫಿ ತೋಟದಲ್ಲಿ ಪಾಲು: ದಾವೆಗೆ ಮುನ್ನ ನೋಡಬೇಕಾದ ಕಾಗದಗಳು

ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ತೀರ್ಪು ಬಂದಿದೆ, ಇನ್ನು ಹೆಣ್ಣುಮಕ್ಕಳಿಗೆ ಸಮಪಾಲು ಖಚಿತ ಎಂಬ ಒಂದೇ ಧೈರ್ಯದ ಮೇಲೆ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ದಾವೆ ಹೂಡಬೇಡಿ. ಆ ತೀರ್ಪು ಪಿತ್ರಾರ್ಜಿತ ಅವಿಭಕ್ತ ಆಸ್ತಿಯ ಬಗ್ಗೆ. ನಿಮ್ಮ ತೋಟ ಅದರೊಳಗೆ ಬರುತ್ತದೆಯೇ ಎಂದು ಹೇಳುವುದು ಕಾಗದ.

ಪಹಣಿಯ 9ನೇ ಕಾಲಂನಲ್ಲಿ ಹೆಸರು, 10ರಲ್ಲಿ ಜಮೀನು ಬಂದ ಬಗೆ ಮತ್ತು ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ದಾಖಲೆ) ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹಿಡಿದು ಮ್ಯುಟೇಷನ್ ನಕಲು ತೆಗೆಸಿ. ಪೌತಿ (ತೀರಿಕೊಂಡವರಿಂದ ವಾರಸುದಾರರಿಗೆ ಬಂದದ್ದು), ವಿಭಾಗ, ಕ್ರಯ, ಒಂದೊಂದು ಪದಕ್ಕೂ ವಾದ ಬೇರೆ. ತಂದೆ ಸ್ವಂತ ದುಡಿಮೆಯಿಂದ ಕೊಂಡ ತೋಟವಾಗಿದ್ದು, ಉಯಿಲು ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಂ ಪ್ರಕಾರವೇ ಮಗಳಿಗೆ ಮಗನಷ್ಟೇ ಪಾಲಿದೆ. ವಿನೀತಾ ಶರ್ಮಾ ಬೇಕಾಗುವುದೇ ಇಲ್ಲ. ಒಕ್ಕದ (ಕೊಡಗಿನ ಮನೆತನದ) ಜಮ್ಮಾ ಬಾಣೆಯನ್ನು, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮೀನನ್ನು, ಮಾತ್ರ ಇದರ ಜೊತೆ ಬೆರೆಸಬೇಡಿ. ಎಷ್ಟೋ ಪಹಣಿಗಳಲ್ಲಿ ಎಂದೋ ತೀರಿಕೊಂಡ ಪಟ್ಟೇದಾರರ (ಒಕ್ಕದ ಹಿರಿಯರ) ಹೆಸರೇ ಉಳಿದಿರುತ್ತದೆ, ಹಕ್ಕು ಇತರ ಕವಲುಗಳಿಗೂ ಇರುತ್ತದೆ. ಅದಕ್ಕೆ ದಾವೆಯಲ್ಲಿ ಬೇರೆ ಷೆಡ್ಯೂಲ್ (ಆಸ್ತಿ ಪಟ್ಟಿ), ಪೂರ್ತಿ ವಂಶವೃಕ್ಷ ಬೇಕು.

ವಿನೀತಾ ಶರ್ಮಾ ತೀರ್ಪಿನಲ್ಲಿ, 2020ರ ಆಗಸ್ಟ್ 11ರಂದು, ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದಿಷ್ಟು: ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕಾಗಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆದ ವಿಭಾಗವನ್ನು ಅಲುಗಿಸಲಾಗದು. ಬಾಯಿಮಾತಿನ ಪಾಲು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಸಾರ್ವಜನಿಕ ದಾಖಲೆಯ ಬಲವಿದ್ದರೆ, ಅದೂ ಅಪರೂಪಕ್ಕೆ, ಕೋರ್ಟ್ ಒಪ್ಪಬಹುದು. ಹಾಗಾಗಿ 1998ರ ‘ವಿಭಾಗ’ ಎಂ.ಆರ್. ಒಂದು ಸಿಕ್ಕಿತೆಂದರೆ ಎದುರಾಳಿಯ ಕೈಗೆ ಆಯುಧ ಸಿಕ್ಕಂತೆ. ಅದರ ಹಿಂದಿನ ಅರ್ಜಿ, ಹೇಳಿಕೆ, ನೋಟಿಸುಗಳನ್ನು ಮೊದಲೇ ಓದಿ: ಅದು ನಿಜವಾದ ಪಾಲೋ, ಸಾಲಕ್ಕಾಗಿ ಖಾತೆ ಬೇರೆ ಮಾಡಿಕೊಂಡದ್ದೋ?

ಪೌತಿ ಖಾತೆಗೆಂದು ನೀವು ಛಾಪಾ ಕಾಗದದ ಮೇಲೆ ಹಾಕಿಕೊಟ್ಟ ಒಪ್ಪಿಗೆ ಸಹಿ ನೋಂದಣಿಯಾಗದಿದ್ದರೆ ಹಕ್ಕು ಬಿಟ್ಟಂತಾಗದು, ಖಾತೆಯೂ ಒಡೆತನ ಕೊಡದು. ನೋಂದಾಯಿತ ಹಕ್ಕು ಬಿಡುಗಡೆ ಪತ್ರವಿದ್ದರೆ ಕಥೆ ಬೇರೆ. ಉಪನೋಂದಣಿ ಕಚೇರಿಯ ಋಣಭಾರ ಪತ್ರದಲ್ಲಿ ಇದನ್ನು ನೋಡಿಕೊಳ್ಳಿ; ಮೋಸದಿಂದ ಆದದ್ದಾದರೆ ತಿಳಿದ ದಿನದಿಂದ 3 ವರ್ಷದೊಳಗೆ ಅದರ ರದ್ದತಿ ಕೇಳಬೇಕು.

ದಾವೆಯಲ್ಲಿ ಎಲ್ಲ ಪಾಲುದಾರರೂ ಇರಲಿ, ‘ನನಗೆ ಬೇಡ’ ಎನ್ನುವ ಅಕ್ಕನೂ ಸೇರಿ. ಒಂದು ಸರ್ವೆ ನಂಬರ್ ಬಿಟ್ಟರೂ ಭಾಗಶಃ ವಿಭಾಗವೆಂಬ ತಕರಾರು ಬರುತ್ತದೆ. ಜಂಟಿ ಸ್ವಾಧೀನವಿದೆ ಎಂದು ಸತ್ಯವಾಗಿ ಹೇಳಬಹುದಾದರೆ ಕೋರ್ಟ್ ಶುಲ್ಕ ಹೆಚ್ಚೆಂದರೆ 200 ರೂಪಾಯಿ. ಹೊರಗಿಟ್ಟಿದ್ದಾರೆ ಎಂದು ಬರೆದರೆ ನಿಮ್ಮ ಪಾಲಿನ ಮಾರುಕಟ್ಟೆ ಮೌಲ್ಯದ ಮೇಲೆ ಶುಲ್ಕ. ಹೊರಗಿಟ್ಟದ್ದು ತಿಳಿದು 12 ವರ್ಷ ಕಳೆದರೆ ಅವಧಿ ಮುಗಿಯುತ್ತದೆ. ಸ್ವಾಧೀನದ ಬಗ್ಗೆ ದಾವೆ ಅರ್ಜಿಯಲ್ಲಿ ಬರುವ ಈ ಒಂದು ವಾಕ್ಯವನ್ನು ವಕೀಲರ ಜೊತೆ ಕೂತು ತೂಗಿ ಬರೆಸಿ.

ದಾವೆ ನಡೆಯುವಾಗ ಮಾರಾಟವಾದರೆ ಕೊಂಡವರೂ ತೀರ್ಪಿಗೆ ಬದ್ಧರು. ಮರ ಬಿದ್ದ ಮೇಲೆ ಮಾತ್ರ ಏನೂ ಮಾಡಲಾಗದು. ಅದಕ್ಕೇ ದಾವೆಯ ಜೊತೆಯಲ್ಲೇ ಸಿಲ್ವರ್ ಓಕ್ ಕಡಿಯದಂತೆ, ಕಾಫಿ, ಮೆಣಸಿನ ಲೆಕ್ಕ ಒಪ್ಪಿಸುವಂತೆ ಮಧ್ಯಂತರ ಅರ್ಜಿ ಹಾಕಿ. ಪ್ರಾಥಮಿಕ ಡಿಕ್ರಿ ಪಾಲೆಷ್ಟು ಎಂದು ಹೇಳುತ್ತದೆ ಅಷ್ಟೆ. ಕಂದಾಯ ಜಮೀನನ್ನು ಅಳೆದು ಕೊಡುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಅಥವಾ ಅವರ ಅಧೀನ ಗೆಜೆಟೆಡ್ ಅಧಿಕಾರಿ.